ಕ್ರೀಡಾ ಕ್ಲಬ್‌ಗಳ ಮೂಲಕ ಗಂಡಸರ ಹೃದಯದ ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕಾಟ್ಲೆಂಡಿನ ವೃತ್ತಿಪರ ಫುಟ್‌ಬಾಲ್ ಕ್ಲಬ್‌ಗಳು ಮಧ್ಯವಯಸ್ಸಿನ ಪುರುಷ ಅಭಿಮಾನಿಗಳಿಗಾಗಿ ತಮ್ಮ ಮೈದಾನಗಳಲ್ಲೇ ನಡೆಸುತ್ತ ಬಂದಿರುವ ಆರೋಗ್ಯ ಕಾರ್ಯಕ್ರಮವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಈ ಪ್ರಶ್ನೋತ್ತರಗಳನ್ನು ಬರೆಯಲಾಗಿದೆ. ಈ ಬಗೆಯ ಕಾರ್ಯಕ್ರಮಗಳಲ್ಲಿ ಅತ್ಯಂತ ಕಟ್ಟುನಿಟ್ಟಾಗಿ ಪರೀಕ್ಷೆಗೆ ಒಳಗಾದವುಗಳಲ್ಲಿ ಅದೂ ಒಂದು. ಇಲ್ಲಿರುವುದು ಸಾಮಾನ್ಯ ತಿಳಿವಳಿಕೆ ಮಾತ್ರ. ನಿಮ್ಮ ದೇಹಸ್ಥಿತಿಯ ಬಗ್ಗೆ ನಿರ್ಧಾರ ಕೈಗೊಳ್ಳುವಾಗ ನಿಮ್ಮನ್ನು ನೋಡುವ ವೈದ್ಯರ ಮಾತೇ ಮುಖ್ಯ.

ಈ ಕಾರ್ಯಕ್ರಮ ಯಾವುದು, ಯಾರಿಗಾಗಿ?

ಇದರ ಹೆಸರು ‘ಫುಟ್‌ಬಾಲ್ ಫ್ಯಾನ್ಸ್ ಇನ್ ಟ್ರೈನಿಂಗ್’. ಚಿಕ್ಕದಾಗಿ ಎಫ್‌ಎಫ್‌ಐಟಿ ಎನ್ನುತ್ತಾರೆ. ಗ್ಲಾಸ್ಗೋ ವಿಶ್ವವಿದ್ಯಾಲಯದ ಕೇಟ್ ಹಂಟ್, ಸ್ಯಾಲಿ ವೈಕ್, ಸಿಂಡಿ ಗ್ರೇ ಮೊದಲಾದ ಸಂಶೋಧಕರು ಸ್ಕಾಟಿಷ್ ಲೀಗ್‌ನ ಸಮಾಜಸೇವಾ ಟ್ರಸ್ಟ್ ಜೊತೆಗೂಡಿ ಇದನ್ನು ರೂಪಿಸಿದರು, 2010ರಲ್ಲಿ ಕ್ಲಬ್‌ಗಳಲ್ಲಿ ತರಗತಿಗಳು ಆರಂಭವಾದವು. ಮುಂದೆ ನಡೆದ ದೊಡ್ಡ ಅಧ್ಯಯನದಲ್ಲಿ ಸೇರಿಕೊಳ್ಳಲು ಎರಡು ನಿಬಂಧನೆಗಳಿದ್ದವು: ವಯಸ್ಸು 35ರಿಂದ 65ರ ಒಳಗಿರಬೇಕು, ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ, 28 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಆಟ ಬಲ್ಲವರಾಗಿರಬೇಕು ಎಂದಾಗಲಿ, ಓಡಲು ಶಕ್ತರಾಗಿರಬೇಕು ಎಂದಾಗಲಿ ಯಾರೂ ಕೇಳಲಿಲ್ಲ. ಹೆಚ್ಚಿನವರು ವರ್ಷಗಳಿಂದ ಗ್ಯಾಲರಿಯಲ್ಲಿ ಕುಳಿತು ಪಂದ್ಯ ನೋಡಿದವರೇ ಹೊರತು ಮೈದಾನಕ್ಕೆ ಇಳಿದವರಲ್ಲ.

ಆಸ್ಪತ್ರೆ, ಆರೋಗ್ಯ ಕೇಂದ್ರ ಎಲ್ಲ ಇರುವಾಗ ಕ್ಲಬ್ಬೇ ಏಕೆ?

ಏಕೆಂದರೆ ಯಾರಿಗೆ ಅಪಾಯ ಹೆಚ್ಚೋ ಅವರೇ ಆಸ್ಪತ್ರೆಗೆ ಬರುವುದಿಲ್ಲ. ಬ್ರಿಟನ್ನಿನಲ್ಲಿ ತೂಕ ಇಳಿಸಲು ನೆರವಾಗುವ ಸೇವೆಗಳು ಬಹಳ ಕಾಲದಿಂದ ಇವೆ, ಆದರೆ ಅಲ್ಲಿಗೆ ಹೋಗುವ ಗಂಡಸರ ಸಂಖ್ಯೆ ಹೆಂಗಸರಿಗೆ ಹೋಲಿಸಿದರೆ ತೀರಾ ಕಡಿಮೆ. ಆಹಾರ ಪಥ್ಯ, ತೂಕದ ಕ್ಲಾಸು ಇವೆಲ್ಲ ಹೆಂಗಸರ ವಿಷಯ ಎಂಬ ಭಾವನೆ ಅಲ್ಲಿನ ಅನೇಕ ಗಂಡಸರಲ್ಲಿ ಬೇರೂರಿದೆ. ಎದೆಯಲ್ಲಿ ನೋವು ಕಾಣಿಸಿಕೊಳ್ಳುವವರೆಗೂ ಬಿ.ಪಿ. ನೋಡಿಸಿಕೊಳ್ಳದವನು ಸ್ಕಾಟ್ಲೆಂಡಿನಲ್ಲೂ ಇದ್ದಾನೆ, ನಮ್ಮ ಊರುಗಳಲ್ಲೂ ಇದ್ದಾನೆ.

ಇಂಥವನನ್ನು ಬದಲಾಯಿಸಲು ಹೊರಡುವ ಬದಲು, ಅವನು ಈಗಾಗಲೇ ಇಷ್ಟಪಟ್ಟು ಹೋಗುವ ಜಾಗಕ್ಕೇ ಆರೋಗ್ಯ ಸೇವೆ ಹೋಗಬೇಕು ಎಂಬುದು ಈ ಕಾರ್ಯಕ್ರಮದ ಮೂಲ ತಿಳಿವು. ಅಪ್ಪನ ಕೈ ಹಿಡಿದು ಮೊದಲ ಪಂದ್ಯ ನೋಡಿದ ಮೈದಾನ, ಪಂದ್ಯದ ದಿನ ಬಾಗಿಲು ಮುಚ್ಚಿರುವ ಆಟಗಾರರ ಡ್ರೆಸ್ಸಿಂಗ್ ರೂಮು, ಆಟಗಾರರು ಮೈದಾನಕ್ಕೆ ಬರುವ ಸುರಂಗದಂಥ ದಾರಿ, ಇವನ್ನೆಲ್ಲ ಒಳಗಿನಿಂದ ನೋಡುವ ಅವಕಾಶ ಸಿಗುತ್ತದೆ ಎಂದಾಗ ಅಭಿಮಾನಿ ಬರುತ್ತಾನೆ. ಬಂದ ಮೇಲೆ ತನ್ನಂತೆಯೇ ಹೊಟ್ಟೆ ಬಂದಿರುವ, ತನ್ನಂತೆಯೇ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ, ಅದೇ ತಂಡಕ್ಕಾಗಿ ಕೂಗುವ ಇನ್ನೂ ಹಲವರು ಅಲ್ಲಿರುವುದನ್ನು ನೋಡುತ್ತಾನೆ. ಆ ಹೊತ್ತಿಗೆ ಅವನ ಅರ್ಧ ಸಂಕೋಚ ಕಳೆದಿರುತ್ತದೆ. ಕ್ಲಬ್ಬಿನ ಹೆಸರು ಅವನನ್ನು ಒಳಗೆ ಕರೆತರುತ್ತದೆ, ಜೊತೆಗಾರರು ಅವನನ್ನು ಉಳಿಸಿಕೊಳ್ಳುತ್ತಾರೆ. ಇವೆರಡರಲ್ಲಿ ಎರಡನೆಯದೇ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ. ಹೆಸರಿನ ಆಕರ್ಷಣೆ ಎರಡು ಮೂರು ವಾರಗಳಿಗೆ ಸಾಕಾಗಬಹುದು, ಆದರೆ ಆರನೇ ವಾರ ಚಳಿ ಮಳೆಯ ಸಂಜೆಯಲ್ಲಿ ಮನೆಯಿಂದ ಹೊರಡಿಸುವುದು ‘ಇವತ್ತು ಬರಲಿಲ್ಲವೇಕೆ’ ಎಂದು ಕೇಳುವವರು ಅಲ್ಲಿ ಇದ್ದಾರೆ ಎಂಬ ಅರಿವು.

ಕಾರ್ಯಕ್ರಮದ 12 ವಾರಗಳಲ್ಲಿ ಏನೇನು ನಡೆಯುತ್ತದೆ?

ವಾರಕ್ಕೆ ಒಂದು ತರಗತಿ, ಒಂದೊಂದೂ ಸುಮಾರು 90 ನಿಮಿಷ, ಒಟ್ಟು 12 ತರಗತಿಗಳು. ಒಂದು ಭಾಗ ಕುಳಿತು ಕಲಿಯುವುದು, ಇನ್ನೊಂದು ಭಾಗ ಮೈ ದಣಿಸುವುದು. ಮೊದಮೊದಲು ಮಾತಿಗೆ ಹೆಚ್ಚು ಸಮಯ ಮೀಸಲಾಗಿರುತ್ತದೆ, ಮೈಯಲ್ಲಿ ಕಸುವು ಕೂಡಿದಂತೆ ವ್ಯಾಯಾಮದ ಪಾಲು ಹೆಚ್ಚುತ್ತದೆ. ನಡೆಸಿಕೊಡುವವರು ಕ್ಲಬ್ಬಿನ ಸಮುದಾಯ ವಿಭಾಗದ ತರಬೇತುದಾರರು. ಇವರು ವೈದ್ಯರೂ ಅಲ್ಲ, ಪಥ್ಯ ತಜ್ಞರೂ ಅಲ್ಲ, ಆದರೆ ಇದಕ್ಕೆಂದೇ ತರಬೇತಿ ಪಡೆದವರು.

ಮೊದಲ ವಾರ ಪ್ರತಿಯೊಬ್ಬನಿಗೂ ಹೆಜ್ಜೆ ಎಣಿಸುವ ಒಂದು ಪುಟ್ಟ ಸಾಧನ ಕೊಡುತ್ತಾರೆ. ಅದನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು ಎಂದಿನ ಹಾಗೆಯೇ ಒಂದು ವಾರ ಓಡಾಡಿ, ದಿನದ ಲೆಕ್ಕವನ್ನು ಬರೆದಿಡಬೇಕು. ಆ ಒಂದು ವಾರದ ಸರಾಸರಿಯೇ ಅವನ ಆರಂಭದ ಗೆರೆ. ದಿನಕ್ಕೆ ಮೂರು ನಾಲ್ಕು ಸಾವಿರ ಹೆಜ್ಜೆಯಷ್ಟೇ ನಡೆಯುತ್ತಿದ್ದೇನೆ ಎಂಬುದು ಕಾಗದದ ಮೇಲೆ ಕಂಡಾಗ, ‘ನಾನು ಕೆಲಸದಲ್ಲಿ ದಿನವಿಡೀ ಓಡಾಡುತ್ತಲೇ ಇರುತ್ತೇನೆ’ ಎಂಬ ನಂಬಿಕೆ ತಾನಾಗಿ ಕರಗುತ್ತದೆ. ಬೇರೆ ಯಾರೂ ಅವನಿಗೆ ಬುದ್ಧಿ ಹೇಳಬೇಕಾಗಿಲ್ಲ. ಮುಂದಿನ ವಾರಗಳಲ್ಲಿ ಆ ಲೆಕ್ಕವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗುವುದು ಅವನ ಗುರಿ. ಎಲ್ಲರಿಗೂ ಒಂದೇ ಗುರಿ ಇಡದೆ, ಯಾರನ್ನೂ ಹಿಂದೆ ಬೀಳಿಸದಿರುವ ಈ ಕ್ರಮ ಬಹಳ ವಿವೇಕದ್ದು.

ಮೈದಾನವೇ ವ್ಯಾಯಾಮ ಶಾಲೆಯಾಗುತ್ತದೆ. ಅಂಕಣದ ಸುತ್ತ ಬಿರುಸಿನ ನಡಿಗೆ, ಗ್ಯಾಲರಿಯ ಮೆಟ್ಟಿಲುಗಳನ್ನು ಹತ್ತಿ ಇಳಿಯುವುದು, ಸ್ನಾಯುಗಳಿಗೆ ಬಲ ತರುವ ಸರಳ ಕಸರತ್ತು, ಕೆಲವೊಮ್ಮೆ ಚೆಂಡಾಟ. ಕುಳಿತು ಮಾತನಾಡುವ ವೇಳೆಯಲ್ಲಿ ತಟ್ಟೆಯಲ್ಲಿ ಎಷ್ಟು ಬಡಿಸಿಕೊಳ್ಳಬೇಕು, ಪೊಟ್ಟಣದ ಮೇಲಿನ ವಿವರವನ್ನು ಓದುವುದು ಹೇಗೆ, ಮದ್ಯದಿಂದ ಎಷ್ಟು ಕ್ಯಾಲೊರಿ ಸೇರುತ್ತದೆ, ಹಳೆಯ ಅಭ್ಯಾಸ ಮರಳಿದಾಗ ಏನು ಮಾಡಬೇಕು ಎಂಬ ವಿಷಯಗಳು ಬರುತ್ತವೆ. ಉಪದೇಶದ ಧಾಟಿ ಎಲ್ಲಿಯೂ ಇರಬಾರದು ಎಂಬುದು ತರಬೇತುದಾರರಿಗೆ ಕೊಡುವ ಸೂಚನೆಗಳ ಜೀವಾಳ. ಒಬ್ಬರನ್ನೊಬ್ಬರು ಛೇಡಿಸುತ್ತ, ನಗುತ್ತ ಮಾತನಾಡಲು ಜಾಗವಿರುವುದರಿಂದಲೇ ಗಂಡಸರು ತಮ್ಮ ತೂಕದ ಬಗ್ಗೆ ಅಲ್ಲಿ ಬಾಯಿಬಿಡುತ್ತಾರೆ.

12 ವಾರ ಮುಗಿದ ಮೇಲೆ ಕೆಲವು ಇ-ಮೇಲ್‌ಗಳ ಮೂಲಕ ಸಂಪರ್ಕ ಉಳಿಸಿಕೊಳ್ಳುತ್ತಾರೆ, ಕೆಲವು ತಿಂಗಳ ಬಳಿಕ ಎಲ್ಲರನ್ನೂ ಮತ್ತೊಮ್ಮೆ ಕ್ಲಬ್ಬಿನಲ್ಲಿ ಸೇರಿಸುತ್ತಾರೆ.

ತೂಕ ಇಳಿಯುವುದಕ್ಕೂ ಹೃದಯಕ್ಕೂ ಏನು ಸಂಬಂಧ?

ಗಂಡಸರಲ್ಲಿ ಕೊಬ್ಬು ಹೆಚ್ಚಾಗಿ ಸೇರುವುದು ಹೊಟ್ಟೆಯ ಒಳಭಾಗದಲ್ಲಿ, ಕರುಳು ಮತ್ತು ಪಿತ್ತಜನಕಾಂಗದ ಸುತ್ತ. ಈ ಕೊಬ್ಬು ಸುಮ್ಮನೆ ಬಿದ್ದಿರುವ ದಾಸ್ತಾನಲ್ಲ. ಇದರಿಂದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಂತಾಗುತ್ತದೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಅಂಶ ಏರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ. ಈ ನಾಲ್ಕೂ ಸೇರಿ ಹೃದಯಕ್ಕೆ ರಕ್ತ ಒದಗಿಸುವ ನಾಳಗಳ ಒಳಗೋಡೆಯನ್ನು ವರ್ಷಾನುಗಟ್ಟಲೆ ಹಾಳುಮಾಡುತ್ತ ಬರುತ್ತವೆ. ಒಂದು ದಿನ ಆ ಗೋಡೆಯ ಮೇಲಿನ ಕೊಬ್ಬಿನ ಗಂಟು ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿದಾಗ ಆಗುವುದೇ ಹೃದಯಾಘಾತ.

ಸಮಾಧಾನದ ಸಂಗತಿಯೆಂದರೆ, ಲಾಭ ಕಾಣಲು ಯೌವನದ ತೂಕಕ್ಕೆ ಮರಳಬೇಕಾಗಿಲ್ಲ. ಇರುವ ತೂಕದ ಶೇ 5ರಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆ, ಟ್ರೈಗ್ಲಿಸರೈಡ್ ಮೂರರಲ್ಲೂ ಗಮನಾರ್ಹ ಸುಧಾರಣೆ ಕಾಣುತ್ತದೆ. ಸರಾಸರಿ ಲೆಕ್ಕದಲ್ಲಿ ಒಂದು ಕೆ.ಜಿ. ತೂಕ ಇಳಿದರೆ ರಕ್ತದೊತ್ತಡದ ಮೇಲಿನ ಅಂಕಿ ಸುಮಾರು ಒಂದರಷ್ಟು ಇಳಿಯುತ್ತದೆ. 100 ಕೆ.ಜಿ. ತೂಗುವವರಿಗೆ ಐದು ಕೆ.ಜಿ. ಇಳಿಸುವುದು ಕೈಗೆಟುಕುವ ಗುರಿ, ಇಪ್ಪತ್ತೈದು ಕೆ.ಜಿ. ಇಳಿಸಿ ಎಂದರೆ ಅವರು ಮೊದಲ ದಿನವೇ ಕೈಚೆಲ್ಲುತ್ತಾರೆ.

ನಡಿಗೆ ಮತ್ತು ವ್ಯಾಯಾಮದ ಲಾಭ ತೂಕದ ಲೆಕ್ಕಕ್ಕೆ ಹೊರತಾದದ್ದೂ ಇದೆ. ತೂಕ ಅಷ್ಟಾಗಿ ಇಳಿಯದವನಲ್ಲೂ ನಿಯಮಿತ ಚಟುವಟಿಕೆಯಿಂದ ರಕ್ತನಾಳಗಳು ಹೆಚ್ಚು ಸಲೀಸಾಗಿ ಹಿಗ್ಗುತ್ತವೆ, ವಿಶ್ರಾಂತಿಯಲ್ಲಿರುವಾಗಿನ ನಾಡಿಬಡಿತ ಇಳಿಯುತ್ತದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಇದ್ದರೆ ಅದು ಮಧ್ಯಮ ತೀವ್ರತೆ.

ಇದರಿಂದ ನಿಜಕ್ಕೂ ಫಲ ಸಿಕ್ಕಿದೆ ಎನ್ನಲು ಆಧಾರವೇನು?

ಆರೋಗ್ಯ ಶಿಬಿರಗಳ ಬಗ್ಗೆ ಕೇಳಿಬರುವ ಹೊಗಳಿಕೆ ಬಹುಪಾಲು ಭಾಗವಹಿಸಿದವರ ಸಂತೋಷದ ಮಾತುಗಳನ್ನೇ ಆಧರಿಸಿರುತ್ತದೆ. ಸ್ಕಾಟ್ಲೆಂಡಿನವರು ಅಷ್ಟಕ್ಕೇ ನಿಲ್ಲಲಿಲ್ಲ. 13 ಕ್ಲಬ್‌ಗಳಲ್ಲಿ 747 ಗಂಡಸರನ್ನು ಆರಿಸಿ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕಾರ್ಯಕ್ರಮ ಕೂಡಲೇ ಸಿಕ್ಕಿತು, ಇನ್ನೊಂದು ಗುಂಪು ಒಂದು ವರ್ಷ ಕಾಯಬೇಕಾಯಿತು. ಕಾದವರ ಕೈಗೂ ತೂಕ ಇಳಿಸುವ ಬಗೆಗಿನ ಒಂದು ಕಿರುಹೊತ್ತಿಗೆ ಕೊಟ್ಟಿದ್ದರು. ಹೀಗಾಗಿ, ಬರೀ ಮಾಹಿತಿ ಕೊಟ್ಟರೆ ಎಷ್ಟು ಬದಲಾವಣೆಯಾಗುತ್ತದೆ ಎಂಬುದೂ ಪಕ್ಕದಲ್ಲೇ ತಿಳಿಯಿತು.

ಫಲಿತಾಂಶ 2014ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಕಾರ್ಯಕ್ರಮಕ್ಕೆ ಹೋದವರ ತೂಕ ಸರಾಸರಿ 5.56 ಕೆ.ಜಿ. ಇಳಿದಿತ್ತು, ಕಾದವರದು 0.58 ಕೆ.ಜಿ. ಮಾತ್ರ. ಆರಂಭದ ತೂಕ ಮತ್ತು ಕ್ಲಬ್ಬಿನ ವ್ಯತ್ಯಾಸಗಳನ್ನು ಸರಿದೂಗಿಸಿ ನೋಡಿದಾಗಲೂ ಎರಡು ಗುಂಪುಗಳ ನಡುವಿನ ಅಂತರ 4.94 ಕೆ.ಜಿ. ಇತ್ತು. ಸೊಂಟದ ಸುತ್ತಳತೆ, ರಕ್ತದೊತ್ತಡ, ಊಟದ ಕ್ರಮ, ದೈಹಿಕ ಚಟುವಟಿಕೆ, ಮದ್ಯ ಸೇವನೆ, ಮನಸ್ಸಿನ ಉಲ್ಲಾಸ ಇವೆಲ್ಲವೂ ಕಾರ್ಯಕ್ರಮಕ್ಕೆ ಹೋದವರಲ್ಲಿ ಹೆಚ್ಚು ಸುಧಾರಿಸಿದ್ದವು. ಇನ್ನೂ ಮುಖ್ಯವೆಂದರೆ, ಒಂದು ವರ್ಷದ ಬಳಿಕ ಅಳತೆಗೆ ಕರೆದಾಗ ಹತ್ತರಲ್ಲಿ ಒಂಬತ್ತು ಮಂದಿ ಬಂದರು. ಮಧ್ಯವಯಸ್ಸಿನ ಗಂಡಸರನ್ನು ಹೀಗೆ ಹಿಡಿದಿಟ್ಟುಕೊಂಡ ಆರೋಗ್ಯ ಅಧ್ಯಯನಗಳು ಅಪರೂಪ.

ಒಂದು ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಈ ಅಧ್ಯಯನ ಅಳೆದದ್ದು ಹೃದಯಾಘಾತಕ್ಕೆ ದಾರಿ ಮಾಡಿಕೊಡುವ ಅಂಶಗಳನ್ನು. ಎಷ್ಟು ಹೃದಯಾಘಾತಗಳು ತಪ್ಪಿದವು ಎಂದು ಎಣಿಸಬೇಕಾದರೆ ಇದಕ್ಕಿಂತ ಹಲವು ಪಟ್ಟು ದೊಡ್ಡ ಗುಂಪನ್ನು ಹಲವು ವರ್ಷ ಹಿಂಬಾಲಿಸಬೇಕಾಗುತ್ತದೆ.

ಕೆಲವು ವರ್ಷ ಕಳೆದ ಮೇಲೆ ತೂಕ ಮರಳಿ ಬರುವುದಿಲ್ಲವೇ?

ಒಂದಿಷ್ಟು ಮರಳಿ ಬರುತ್ತದೆ. ಇವರನ್ನೇ ಮೂರೂವರೆ ವರ್ಷಗಳ ನಂತರ ಮತ್ತೆ ತೂಗಿದಾಗ, ಮೊದಲ ಗುಂಪಿನವರು ಆರಂಭದ ತೂಕಕ್ಕಿಂತ ಸರಾಸರಿ 2.90 ಕೆ.ಜಿ. ಕಡಿಮೆ ಇದ್ದರು. ಸುಮಾರು ಮೂವರಲ್ಲಿ ಒಬ್ಬರು ಶೇ 5 ಅಥವಾ ಅದಕ್ಕಿಂತ ಹೆಚ್ಚಿನ ಇಳಿಕೆಯನ್ನು ಉಳಿಸಿಕೊಂಡಿದ್ದರು. ಅಂದರೆ ಅರ್ಧದಷ್ಟು ಗಳಿಕೆ ಉಳಿಯಿತು, ಅರ್ಧ ಕೈಬಿಟ್ಟಿತು. ಆ ವಯಸ್ಸಿನಲ್ಲಿ ಏನೂ ಮಾಡದಿದ್ದರೆ ತೂಕ ವರ್ಷ ವರ್ಷ ಏರುವುದೇ ವಾಡಿಕೆ ಎಂಬುದನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ. ಪುನಃ ತೂಕ ಏರಿದವರು ತಮ್ಮಿಂದಾಗದು ಎಂದು ಕುಗ್ಗಬೇಕಾಗಿಲ್ಲ. ಹೆಜ್ಜೆ ಲೆಕ್ಕ ಬರೆಯುವುದನ್ನು ಮತ್ತೆ ಮೊದಲ ವಾರದಂತೆಯೇ ಆರಂಭಿಸಿದರಾಯಿತು.

ಬೇರೆ ದೇಶಗಳಲ್ಲಿ ಹೀಗೆಯೇ ನಡೆದಿದೆಯೇ?

ನಡೆದಿದೆ, ಆದರೆ ಎಲ್ಲೆಡೆ ಒಂದೇ ಫಲ ಸಿಕ್ಕಿಲ್ಲ. ಇಂಗ್ಲೆಂಡ್, ನೆದರ್ಲೆಂಡ್ಸ್, ನಾರ್ವೆ, ಪೋರ್ಚುಗಲ್ ದೇಶಗಳ 15 ಕ್ಲಬ್‌ಗಳಲ್ಲಿ 1,113 ಗಂಡಸರೊಂದಿಗೆ ‘ಯೂರೋಫಿಟ್’ ಎಂಬ ಪ್ರಯೋಗ ನಡೆಯಿತು. ಆರ್ಸೆನಲ್, ಎವರ್ಟನ್, ಪಿಎಸ್‌ವಿ, ಬೆನ್ಫಿಕಾ, ಪೋರ್ಟೊದಂಥ ಹೆಸರಾಂತ ಕ್ಲಬ್‌ಗಳು ಅದರಲ್ಲಿದ್ದವು. ಅದರ ಗುರಿ ಎರಡು: ಹೆಚ್ಚು ನಡೆಯುವಂತೆ ಮಾಡುವುದು, ಕುಳಿತಿರುವ ಹೊತ್ತನ್ನು ಕಡಿಮೆ ಮಾಡುವುದು. ವರ್ಷದ ಕೊನೆಗೆ ಕಾರ್ಯಕ್ರಮಕ್ಕೆ ಹೋದವರು ಹೋಗದವರಿಗಿಂತ ದಿನಕ್ಕೆ 678 ಹೆಜ್ಜೆ ಹೆಚ್ಚು ನಡೆಯುತ್ತಿದ್ದರು, ಆದರೆ ಕುಳಿತಿರುವ ಹೊತ್ತಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆಫೀಸಿನ ಕುರ್ಚಿ, ಕಾರಿನ ಸೀಟು, ಸಂಜೆಯ ಸೋಫಾ ಇವು ಕ್ಲಬ್ಬಿನ ಹಿಡಿತಕ್ಕೆ ಸುಲಭವಾಗಿ ಸಿಗುವುದಿಲ್ಲ ಎಂದು ಇದರಿಂದ ತಿಳಿಯಬೇಕು.

ಕೆನಡಾದಲ್ಲಿ ಇದೇ ಮಾದರಿಯನ್ನು ಐಸ್ ಹಾಕಿ ತಂಡಗಳ ಅಭಿಮಾನಿಗಳಿಗೆ, ನ್ಯೂಜಿಲೆಂಡಿನಲ್ಲಿ ರಗ್ಬಿ ಅಭಿಮಾನಿಗಳಿಗೆ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಅಲ್ಲಿನದೇ ಬಗೆಯ ಫುಟ್‌ಬಾಲ್‌ನ ಅಭಿಮಾನಿಗಳಿಗೆ ಒಗ್ಗಿಸಿಕೊಂಡಿದ್ದಾರೆ. ಯಾವ ಊರಿನ ಗಂಡಸರು ಯಾವ ಆಟವನ್ನು ಹಚ್ಚಿಕೊಂಡಿದ್ದಾರೋ ಆ ಆಟವನ್ನೇ ಹಿಡಿಯಬೇಕು ಎಂಬ ಪಾಠವನ್ನು ಎಲ್ಲರೂ ಸರಿಯಾಗಿ ಗ್ರಹಿಸಿದ್ದಾರೆ.

ಬರೀ ನಡಿಗೆ ಸಾಕೇ, ಆಟ ಆಡಿದರೆ ಇನ್ನೂ ಒಳ್ಳೆಯದೇ?

ಆಟದಿಂದ ಸಿಗುವ ಲಾಭವನ್ನು ಡೆನ್ಮಾರ್ಕಿನವರು ಪ್ರತ್ಯೇಕವಾಗಿ ಅಭ್ಯಾಸ ಮಾಡಿದ್ದಾರೆ. ಪೀಟರ್ ಕ್ರುಸ್ಟ್ರುಪ್ ಮತ್ತು ಸಂಗಡಿಗರು, ರಕ್ತದೊತ್ತಡ ಹೆಚ್ಚಿದ್ದ, ಆಟದ ಅಭ್ಯಾಸವಿಲ್ಲದ ಮಧ್ಯವಯಸ್ಸಿನ ಗಂಡಸರಿಗೆ ವಾರಕ್ಕೆ ಎರಡು ಬಾರಿ ಒಂದೊಂದು ಗಂಟೆ ಸಣ್ಣ ಅಂಕಣದಲ್ಲಿ ಫುಟ್‌ಬಾಲ್ ಆಡಿಸಿದರು. ಆರು ತಿಂಗಳಲ್ಲಿ ಅವರ ರಕ್ತದೊತ್ತಡ, ವೈದ್ಯರ ಸಲಹೆಯನ್ನಷ್ಟೇ ಪಡೆದವರಿಗಿಂತ ಹೆಚ್ಚು ಇಳಿಯಿತು. ಅದು ಕೆಲವೇ ಮಂದಿಯ ಚಿಕ್ಕ ಅಧ್ಯಯನವಾದರೂ ಮುಂದೆ ಡೆನ್ಮಾರ್ಕಿನ ಸ್ಥಳೀಯ ಕ್ಲಬ್‌ಗಳಲ್ಲಿ ಸ್ಪರ್ಧೆಯಿಲ್ಲದ ಫುಟ್‌ಬಾಲ್ ತರಗತಿಗಳು ಹರಡಲು ಇಂಥ ಸಂಶೋಧನೆಗಳೇ ನೆಲಗಟ್ಟು. ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್‌ನಲ್ಲಿ 2011ರಲ್ಲಿ ಹುಟ್ಟಿದ ನಡಿಗೆ ಫುಟ್‌ಬಾಲ್‌ನಲ್ಲಿ ಓಡುವಂತೆಯೇ ಇಲ್ಲ, ಐವತ್ತು ದಾಟಿದವರಿಗೆ ಅದು ತಕ್ಕ ಆಟ.

ಆದರೂ ವರ್ಷಗಟ್ಟಲೆ ಮೈ ದಣಿಸದವರು ಮೊದಲು ನಡಿಗೆಯಿಂದಲೇ ಆರಂಭಿಸಲಿ. ಹುರುಪಿನಲ್ಲಿ ಮೊದಲ ದಿನವೇ ಯುವಕರ ಜೊತೆ ಪೂರ್ಣ ಪಂದ್ಯಕ್ಕೆ ಇಳಿಯುವುದು ಮೊಣಕಾಲಿಗೂ ಒಳ್ಳೆಯದಲ್ಲ, ಹೃದಯಕ್ಕೂ ಒಳ್ಳೆಯದಲ್ಲ.

ಅಪಾಯವೇನೂ ಇಲ್ಲವೇ? ವೈದ್ಯರನ್ನು ಕೇಳಿಯೇ ಸೇರಬೇಕೇ?

ಅಪಾಯ ಇಲ್ಲವೇ ಇಲ್ಲ ಎನ್ನಲಾಗದು. ಸ್ಕಾಟ್ಲೆಂಡಿನ ಅಧ್ಯಯನದಲ್ಲಿ ಎರಡೂ ಗುಂಪು ಸೇರಿ ಎಂಟು ಗಂಭೀರ ಆರೋಗ್ಯ ಘಟನೆಗಳು ದಾಖಲಾದವು. ಅವುಗಳಲ್ಲಿ ಎರಡು ಕಾರ್ಯಕ್ರಮಕ್ಕೆ ಸಂಬಂಧಿಸಿದವು ಎಂದು ಪರಿಗಣಿಸಲಾಯಿತು. ಒಬ್ಬರಿಗೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿಯಿತು, ಇನ್ನೊಬ್ಬರಿಗೆ ಪಿತ್ತಕೋಶವನ್ನು ತೆಗೆಯಬೇಕಾಯಿತು. ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಹೆಚ್ಚುತ್ತದೆ ಎಂಬುದು ವೈದ್ಯರಿಗೆ ಗೊತ್ತಿರುವ ವಿಷಯ.

ಅಲ್ಲಿ ಪಾಲಿಸಿದ ಒಂದು ನಿಯಮವನ್ನು ಯಾವ ಕ್ಲಬ್ ಕೂಡ ಬಿಡಬಾರದು. ಸೇರುವ ಮೊದಲೇ ಎಲ್ಲರ ರಕ್ತದೊತ್ತಡ ನೋಡಲಾಗುತ್ತಿತ್ತು. ಮೇಲಿನ ಅಂಕಿ 160 ಅಥವಾ ಕೆಳಗಿನ ಅಂಕಿ 100 ದಾಟಿದ್ದವರನ್ನು ವೈದ್ಯರ ಬಳಿಗೆ ಕಳಿಸಿ, ಒತ್ತಡ ಹತೋಟಿಗೆ ಬರುವವರೆಗೆ ನಡಿಗೆಗೆ ಮಾತ್ರ ಅನುಮತಿಸಿ, ಬಿರುಸಿನ ವ್ಯಾಯಾಮದಿಂದ ಹೊರಗಿಡುತ್ತಿದ್ದರು. ಹೀಗೆ ಹೊರಗಿಡುವುದು ಕೂಡ ಆರೋಗ್ಯ ಸೇವೆಯೇ. ತನಗೆ ಬಿ.ಪಿ. ಇದೆ ಎಂದೇ ಅರಿಯದವನಿಗೆ ಅದು ಮೊದಲ ಸಲ ತಿಳಿಯುವುದು ಆಸ್ಪತ್ರೆಯ ತುರ್ತು ಕೋಣೆಯಲ್ಲಿ ಆಗುವುದಕ್ಕಿಂತ ಮೈದಾನದ ಪಕ್ಕದ ಕೋಣೆಯಲ್ಲಿ ಆಗುವುದು ಎಷ್ಟೋ ಮೇಲು.

ನಡೆಯುವಾಗ ಎದೆ ಬಿಗಿಯುವುದು, ಎಡಗೈ ಅಥವಾ ದವಡೆಗೆ ನೋವು ಹರಿಯುವುದು, ಸ್ವಲ್ಪ ಶ್ರಮಕ್ಕೇ ಉಸಿರುಗಟ್ಟುವುದು, ತಲೆಸುತ್ತಿ ಬೀಳುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಮೊದಲು ವೈದ್ಯರು, ಆಮೇಲೆ ಕ್ಲಬ್. ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಕುಟುಂಬದಲ್ಲಿ ಎಳೆಯ ವಯಸ್ಸಿನಲ್ಲೇ ಹಠಾತ್ ಸಾವು ಕಂಡವರು ಇವರಿಗೂ ಇದೇ ಮಾತು. ತೂಕ ಇಳಿಯಿತೆಂದು ಬಿ.ಪಿ. ಅಥವಾ ಸಕ್ಕರೆಯ ಮಾತ್ರೆಯನ್ನು ತಾವೇ ನಿಲ್ಲಿಸಬಾರದು.

ಬಿಯರ್, ಪೈ, ಸಿಗರೇಟು ಎಲ್ಲ ಬಿಡಲೇಬೇಕೇ?

ಸಿಗರೇಟಿನ ವಿಷಯದಲ್ಲಿ ರಾಜಿ ಇಲ್ಲ. ಹೃದಯದ ಮಟ್ಟಿಗೆ ದಿನಕ್ಕೆ ಒಂದು ಎರಡು ಸೇದುವುದೂ ಸಾಕಷ್ಟು ಹಾನಿ ಮಾಡುತ್ತದೆ. ಕಡಿಮೆ ಮಾಡಿದೆನೆಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು.

ಉಳಿದವುಗಳಲ್ಲಿ ಕಾರ್ಯಕ್ರಮದ ನಿಲುವು ಮೃದುವಾದದ್ದು. ಪಂದ್ಯದ ವಿರಾಮದಲ್ಲಿ ಬಿಸಿ ಬಿಸಿ ಮಾಂಸದ ಪೈ ತಿನ್ನುವುದು ಸ್ಕಾಟ್ಲೆಂಡಿನ ಗ್ಯಾಲರಿಗಳ ಹಳೆಯ ರೂಢಿ. ಅದನ್ನು ಪೂರ್ತಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ. ಪ್ರತಿ ಪಂದ್ಯಕ್ಕೂ ತಿನ್ನುತ್ತಿದ್ದವನು ತಿಂಗಳಿಗೊಮ್ಮೆ ತಿಂದರೆ ಅದೇ ಬದಲಾವಣೆ. ಬಿಯರ್‌ನ ಒಂದು ಬ್ರಿಟಿಷ್ ಪೈಂಟ್‌ನಲ್ಲಿ, ಅಂದರೆ ಅರ್ಧ ಲೀಟರಿಗಿಂತ ತುಸು ಹೆಚ್ಚಿನ ಅಳತೆಯಲ್ಲಿ, ಸುಮಾರು 200 ಕ್ಯಾಲೊರಿ ಇರುತ್ತದೆ, ಒಂದು ಸಂಜೆ ನಾಲ್ಕು ಪೈಂಟ್ ಎಂದರೆ ಒಂದು ಭಾರಿ ಊಟವನ್ನೇ ಕುಡಿದಂತಾಯಿತು. ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿ ವಾರಕ್ಕೆ 14 ಯೂನಿಟ್ ಮೀರಬಾರದು ಎನ್ನುತ್ತದೆ, ಅದು ಸಾಧಾರಣ ಬಿಯರ್‌ನ ಆರು ಪೈಂಟ್‌ಗೆ ಸಮ. ಕುಡಿಯದವರು ಹೃದಯಕ್ಕೆ ಒಳ್ಳೆಯದೆಂದು ಆರಂಭಿಸುವುದು ಬೇಡ. ಉಪ್ಪು ದಿನಕ್ಕೆ ಐದು ಗ್ರಾಂ ಒಳಗಿರಲಿ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಬ್ರೆಡ್, ಚಿಪ್ಸ್, ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದರಲ್ಲೇ ಸೇರಿರಬೇಕು.

ನಾನು ಬ್ರಿಟನ್ನಿನಲ್ಲಿರುವ ಕನ್ನಡಿಗ. ನನ್ನ ಬಿಎಂಐ 25 ಮಾತ್ರ. ನನಗೆ ಇದರ ಅಗತ್ಯವಿದೆಯೇ?

ಬಹುಶಃ ಇದೆ, ಮತ್ತು ಈ ಪ್ರಶ್ನೆಯನ್ನು ನಮ್ಮವರು ಇನ್ನೂ ಹೆಚ್ಚಾಗಿ ಕೇಳಬೇಕು. ಸ್ಕಾಟ್ಲೆಂಡಿನ ಅಧ್ಯಯನದಲ್ಲಿದ್ದವರು ಬಹುತೇಕ ಬಿಳಿಯರು. 28ರ ಮಿತಿ ಅವರ ಮೈಕಟ್ಟಿಗೆ ಹೊಂದುವಂಥದ್ದು. ದಕ್ಷಿಣ ಏಷ್ಯಾ ಮೂಲದವರಲ್ಲಿ ತೂಕ ಕಡಿಮೆ ಇದ್ದಾಗಲೂ ಹೊಟ್ಟೆಯೊಳಗೆ ಕೊಬ್ಬು ಹೆಚ್ಚಿರುತ್ತದೆ. ಅದಕ್ಕಾಗಿಯೇ ಬ್ರಿಟನ್ನಿನ ಮಾರ್ಗಸೂಚಿಗಳು ನಮ್ಮವರಿಗೆ ಬಿಎಂಐ 23ರಿಂದಲೇ ಅಪಾಯ ಹೆಚ್ಚೆಂದೂ 27.5ಕ್ಕೆ ಬೊಜ್ಜೆಂದೂ ಪರಿಗಣಿಸುತ್ತವೆ. ಸೊಂಟದ ಸುತ್ತಳತೆಯ ಮಿತಿ ದಕ್ಷಿಣ ಏಷ್ಯಾದ ಗಂಡಸರಿಗೆ 90 ಸೆಂ.ಮೀ.; ಇದು ಸುಮಾರು ಮೂವತ್ತೈದೂವರೆ ಇಂಚು. ಪ್ಯಾಂಟಿನ ಅಳತೆಯನ್ನು ನಂಬಬೇಡಿ, ಅನೇಕರು ಹೊಟ್ಟೆಯ ಕೆಳಗೆ ಪ್ಯಾಂಟು ಕಟ್ಟುತ್ತಾರೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟ ಮೇಲೆ ಟೇಪು ಹಿಡಿದು ಅಳೆಯಿರಿ.

52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನದಲ್ಲಿ ಬೆಂಗಳೂರಿನ ವೈದ್ಯರೂ ಪಾಲ್ಗೊಂಡಿದ್ದರು. ಅದರ ಮಾಹಿತಿಯ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿನಲ್ಲಿ ಆಗುತ್ತಿತ್ತು, ಉಳಿದವರಿಗೆ ಸುಮಾರು 59ಕ್ಕೆ. ಕಾರಣಗಳು ಮಾತ್ರ ಎಲ್ಲರಿಗೂ ಒಂದೇ: ತಂಬಾಕು, ಕೆಟ್ಟ ಕೊಬ್ಬು, ಬಿ.ಪಿ., ಸಕ್ಕರೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ಕಡಿಮೆ ತಿನ್ನುವುದು, ಮೈ ದಣಿಸದಿರುವುದು. ನಮ್ಮವರಲ್ಲಿ ಇವು ಬೇಗ ಕೂಡಿಕೊಳ್ಳುತ್ತವೆ. ಆದ್ದರಿಂದ ಬಿಎಂಐ ಮಿತಿಯ ಕಾರಣಕ್ಕೆ ಕ್ಲಬ್ ಸೇರಿಸಿಕೊಳ್ಳದಿದ್ದರೆ ಈ ಕಾರಣವನ್ನು ತಿಳಿಸಿ ಕೇಳಿ, ವೈದ್ಯರಿಂದ ಸಕ್ಕರೆ ಮತ್ತು ಕೊಲೆಸ್ಟ್ರಾಲ್ ಪರೀಕ್ಷೆಯನ್ನಂತೂ ಮಾಡಿಸಿಕೊಳ್ಳಿ.

ಖರ್ಚು ಎಷ್ಟು? ಹೆಂಗಸರಿಗೂ ಉಂಟೇ?

ಭಾಗವಹಿಸುವವರು ಹಣ ಕೊಡಬೇಕಾಗಿಲ್ಲ. ಉಳಿದಂತೆ ಕ್ಲಬ್ಬಿನ ಜಾಗ, ತರಬೇತುದಾರರು, ಹೆಜ್ಜೆ ಎಣಿಸುವ ಸಾಧನಗಳಷ್ಟೇ ಮುಖ್ಯ ವೆಚ್ಚವಾದ್ದರಿಂದ, ಸಿಗುವ ಲಾಭಕ್ಕೆ ಹೋಲಿಸಿದರೆ ಇದು ಹಣಕ್ಕೆ ತಕ್ಕ ಕಾರ್ಯಕ್ರಮ ಎಂದೇ ಸಂಶೋಧಕರ ಲೆಕ್ಕಾಚಾರ ತೋರಿಸಿತು. ಆರಂಭದಲ್ಲಿ ಗಂಡಸರಿಗೆ ಮಾತ್ರ ಇದ್ದ ಇದನ್ನು ಮುಂದೆ ಹೆಂಗಸರಿಗೂ ಬೇರೆ ತರಗತಿಗಳಾಗಿ ವಿಸ್ತರಿಸಲಾಯಿತು.

ಕರ್ನಾಟಕದ ಒಂದು ಯುವಕ ಸಂಘ ಅಥವಾ ಕಬಡ್ಡಿ ತಂಡ ಇಂಥದ್ದನ್ನು ನಡೆಸಬಹುದೇ?

ನಡೆಸಬಹುದು ಎಂದೇ ನಾನು ನಂಬುತ್ತೇನೆ. ಕರಾವಳಿಯ ಕಬಡ್ಡಿ, ವಾಲಿಬಾಲ್ ಸಂಘಗಳು, ಕೊಡಗಿನ ಹಾಕಿ, ಮೈಸೂರಿನ ಗರಡಿ ಮನೆಗಳು, ಊರೂರಿನ ಕ್ರಿಕೆಟ್ ತಂಡಗಳು ಇವುಗಳಿಗೆ ಮಧ್ಯವಯಸ್ಸಿನ ಗಂಡಸರ ಮೇಲಿರುವ ಹಕ್ಕು ಯಾವ ಆರೋಗ್ಯ ಇಲಾಖೆಗೂ ಇಲ್ಲ. ಹಳೆಯ ಆಟಗಾರರು ನಲವತ್ತು ದಾಟಿದ ಮೇಲೆ ಪಂದ್ಯಾವಳಿಯ ದಿನ ವೇದಿಕೆಯ ಮೇಲೆ ಕೂರುವುದಕ್ಕಷ್ಟೇ ಬರುತ್ತಾರೆ. ಅವರನ್ನೇ ಮೊದಲ ತಂಡವಾಗಿ ಆರಿಸಿಕೊಳ್ಳಬಹುದು.

ದೊಡ್ಡ ಸಲಕರಣೆ ಬೇಡ. ನಂಬಲರ್ಹವಾದ ಒಂದು ಬಿ.ಪಿ. ಯಂತ್ರ, ತೂಕದ ಯಂತ್ರ, ಟೇಪು, ಪ್ರತಿಯೊಬ್ಬನಿಗೂ ಒಂದು ನೋಟ್‌ಬುಕ್. ಹೆಜ್ಜೆ ಎಣಿಸಲು ಮೊಬೈಲ್ ಫೋನೇ ಸಾಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಮೊದಲ ದಿನ ಕರೆಸಿ, ಬಿ.ಪಿ., ಸಕ್ಕರೆ ಹೆಚ್ಚಿರುವವರನ್ನು ಅವರಿಗೇ ಒಪ್ಪಿಸಬೇಕು. ಊಟದ ಮಾತು ಬಂದಾಗ ಪೈ, ಬಿಯರ್ ಬಿಟ್ಟು ನಮ್ಮ ತಟ್ಟೆಯ ಮಾತಾಡಬೇಕು: ರಾತ್ರಿಯ ಅನ್ನದ ರಾಶಿ ಅರ್ಧವಾಗಲಿ, ಪಲ್ಯ ಮತ್ತು ಕಾಳು ಎರಡರಷ್ಟಾಗಲಿ, ಸಂಜೆಯ ಬಜ್ಜಿ ಬೋಂಡಾ ವಾರಕ್ಕೊಮ್ಮೆ ಸಾಕು. ಬೀಡಿ, ಗುಟ್ಕಾ ಬಿಡಿಸುವ ಕೆಲಸಕ್ಕೆ ಬೇರೆಯದೇ ಸಮಯ ಬೇಕು. ಶಿಬಿರ ಉದ್ಘಾಟಿಸಿ, ಹಾರ ಹಾಕಿ, ಒಂದೇ ದಿನಕ್ಕೆ ಮುಗಿಸುವ ನಮ್ಮ ರೂಢಿಯಿಂದ ಇಲ್ಲಿ ಪ್ರಯೋಜನವಿಲ್ಲ. ಹದಿನೈದು ಇಪ್ಪತ್ತು ಜನರ ಅದೇ ಗುಂಪು, ಅದೇ ಸಂಜೆ, ಅದೇ ಜಾಗದಲ್ಲಿ ಮೂರು ತಿಂಗಳು ಸೇರಬೇಕು. ತೂಕವನ್ನು ಎಲ್ಲರೆದುರು ಕೂಗಿ ಹೇಳುವುದು ಬೇಡ, ಅದು ಅವನ ನೋಟ್‌ಬುಕ್ಕಿನಲ್ಲಿ ಇರಲಿ.

ತಾಲೀಮಿನ ನಡುವೆ ಯಾರಾದರೂ ಕುಸಿದುಬಿದ್ದರೆ?

2012ರ ಮಾರ್ಚ್‌ನಲ್ಲಿ ಲಂಡನ್ನಿನ ಫುಟ್‌ಬಾಲ್ ಪಂದ್ಯವೊಂದರಲ್ಲಿ ಬೋಲ್ಟನ್ ತಂಡದ ಆಟಗಾರ ಫ್ಯಾಬ್ರಿಸ್ ಮುಆಂಬಾ ಕುಸಿದುಬಿದ್ದರು. ಅವರ ಹೃದಯ 78 ನಿಮಿಷ ತಾನಾಗಿ ಬಡಿಯಲಿಲ್ಲ, ಆದರೂ ಅವರು ಬದುಕುಳಿದರು. 2021ರ ಜೂನ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಕುಸಿದಾಗ ಕೂಡಲೇ ಎದೆ ಒತ್ತಿ, ವಿದ್ಯುದಾಘಾತ ಕೊಟ್ಟು ಉಳಿಸಿದರು, ಅವರು ಮರಳಿ ಆಡಿದರು ಕೂಡ. ಇಬ್ಬರ ಪಕ್ಕದಲ್ಲೂ ಏನು ಮಾಡಬೇಕೆಂದು ಬಲ್ಲವರಿದ್ದರು. ಹೃದಯ ನಿಂತ ಮೇಲೆ ಎದೆ ಒತ್ತದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ.

ಬಿದ್ದವರು ಕರೆದರೆ ಓಗೊಡದೆ, ಸಹಜವಾಗಿ ಉಸಿರಾಡದೆ ಇದ್ದರೆ ಒಬ್ಬರು ಆಂಬುಲೆನ್ಸ್‌ಗೆ ಕರೆ ಮಾಡಲಿ. ಬ್ರಿಟನ್ನಿನಲ್ಲಿ 999, ಕರ್ನಾಟಕದಲ್ಲಿ 108. ಇನ್ನೊಬ್ಬರು ಕೂಡಲೇ ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿಯಂತೆ, ಐದಾರು ಸೆಂ.ಮೀ. ಆಳಕ್ಕೆ ಒತ್ತಲು ಆರಂಭಿಸಲಿ. ಮೂರನೆಯವರು ಎಇಡಿ, ಅಂದರೆ ಹೃದಯಕ್ಕೆ ವಿದ್ಯುದಾಘಾತ ಕೊಡುವ ಯಂತ್ರವಿದ್ದರೆ ತರಲಿ. ಅದನ್ನು ಚಾಲೂ ಮಾಡಿದರೆ ಮುಂದೇನು ಮಾಡಬೇಕೆಂದು ಅದೇ ಹೇಳುತ್ತದೆ, ಆಘಾತ ಬೇಡದವರಿಗೆ ಅದು ಆಘಾತ ಕೊಡುವುದಿಲ್ಲ. ಪ್ರಜ್ಞೆ ಇದ್ದು ಎದೆನೋವು ಮಾತ್ರ ಇದ್ದರೆ ಕೂರಿಸಿ, ನಡೆಸಬೇಡಿ, ಬೈಕಿನಲ್ಲಿ ಕರೆದೊಯ್ಯಬೇಡಿ, ಗ್ಯಾಸ್ ಎಂದುಕೊಂಡು ಕಾಯಬೇಡಿ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಡಿ, ಸೌಲಭ್ಯವಿರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನಿಮ್ಮ ಮೈದಾನಕ್ಕೆ ಹತ್ತಿರದಲ್ಲಿ ಆ ಸೌಲಭ್ಯ ಯಾವ ಆಸ್ಪತ್ರೆಯಲ್ಲಿದೆ ಎಂದು ಮೊದಲ ತರಗತಿಗೂ ಮುನ್ನವೇ ವಿಚಾರಿಸಿ, ಆ ವಿವರವನ್ನು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿಡಿ.